ಬೇರೆ ತಂದೆಯ ಮರಿಗಳು

ಹಂದಿಯ ಮೈಯಲ್ಲಿ ಕೊಬ್ಬು ಎಲ್ಲಿ, ಎಷ್ಟು ಸೇರಬೇಕೆಂದು ತೀರ್ಮಾನಿಸುವ ಜೀನುಗಳು ಯಾವ ಜಾಗದಲ್ಲಿವೆ ಎಂದು ಹುಡುಕುವುದು ಗಗನಳ ಕೆಲಸ. ಮಂಡ್ಯದಲ್ಲಿ ಯತೀಶ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಿರುಗಾವಲಿನ ಹತ್ತಿರ ಒಬ್ಬರ ಹಂದಿ ಫಾರಮ್ಮಿನಲ್ಲಿ ಕರಿ ನಾಟಿ ಹಂದಿಗೂ ಬಿಳಿ ಸೀಮೆ ಹಂದಿಗೂ ಹುಟ್ಟಿದ ಮರಿಗಳನ್ನು ಬೆಳೆಸಿ, ಅವುಗಳನ್ನೇ ಮತ್ತೆ ಕೂಡಿಸಿ, ಆ ಮೊಮ್ಮಕ್ಕಳ ಬೆನ್ನಿನ ಕೊಬ್ಬನ್ನು ಯಂತ್ರವಿಟ್ಟು ಅಳೆದಿದ್ದಳು. ರಕ್ತವನ್ನೂ ತೆಗೆದಿದ್ದಳು. ಹಂದಿಗಳ ಮೇವು, ನೀರು, ಹೆರಿಗೆ ಎಲ್ಲ ಫಾರಮ್ಮಿನ ಆಳು ದೇವರಾಜುವಿನದು.

ಕೊಬ್ಬಿನ ಅಳತೆಗೂ ರಕ್ತದಲ್ಲಿ ಸಿಕ್ಕ ಜೀನುಗುರುತುಗಳಿಗೂ ತಾಳೆ ಹಾಕಿ ಬಿಡಿಸಿದ ನಕ್ಷೆಯಲ್ಲಿ ಒಂದು ಕಡೆ ಗೆರೆ ಗುಡ್ಡದಂತೆ ಎದ್ದಿತ್ತು. ಜೀನು ಅಲ್ಲೇ ಎಲ್ಲೋ ಇದೆ ಎಂದು ಅರ್ಥ. ಯತೀಶ್ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಲೇಖನ ಕಳಿಸುವ ಮುಂಚೆ ಗಗನ ಇನ್ನೊಂದು ಸಲ ತಾಳೆ ನೋಡಿದಳು. ಒಂದು ಸೂಲಿನ ಮರಿಗಳಲ್ಲಿ ತಾಯಿಯಲ್ಲೂ ಇಲ್ಲದ, ತಂದೆಯೆಂದು ಬರೆದಿಟ್ಟ ಗಂಡಿನಲ್ಲೂ ಇಲ್ಲದ ಗುರುತುಗಳಿದ್ದವು. ತಾನೇ ಟ್ಯೂಬು ಅದಲುಬದಲು ಮಾಡಿರಬೇಕೆಂದುಕೊಂಡು ಮತ್ತೆ ರಕ್ತ ತೆಗೆದಳು. ಆಗಲೂ ಅದೇ ಬಂತು. ಅವುಗಳ ತಂದೆ ಬೇರೆ.

ಮಾರನೆಯ ಬೆಳಿಗ್ಗೆ ಫಾರಮ್ಮಿಗೆ ಹೋಗಿ ದೇವರಾಜುವನ್ನು ಕೇಳಿದಳು. ಅವನು ಬುಟ್ಟಿ ಕೆಳಗಿಟ್ಟು ನೆನಪು ಮಾಡಿಕೊಂಡ.

“ಮಳೇಲಿ ಗೇಟಿನ ಚಿಲ್ಕ ಕಿತ್ತೋಗಿತ್ತು ಕಣಮ್ಮ. ಎಣ್ಣಂದಿ ಬೆದೆಗೆ ಬಂದಿತ್ತು. ಪಕ್ಕದ ದೊಡ್ಡಿ ಗಂಡು ನುಗ್ಗಿತ್ತು, ನಾನೇ ಓಡಿಸ್ದೆ.”

“ಆಗ್ಲೇ ಹೇಳ್ಬಾರ್ದಿತ್ತಾ ದೇವರಾಜಣ್ಣ?”

“ಗಬ್ಬ ನಿಂತ್ರೆ ಸಾಕಲ್ವಾ ಅನ್ಕಂಡೆ. ಯಾವ್ದುಕ್ಕೆ ಹುಟ್ಟಿದ್ರೇನು, ಮರಿ ಮರೀನೇ ಅಲ್ವಾ?”

ಗಗನಳಿಗೆ ಸಿಟ್ಟು ಬಂತು. ಆದರೆ ತಂದೆ ಯಾವುದೆನ್ನುವುದೇ ಈ ಕೆಲಸದ ಬೇರು ಎಂದು ಇಷ್ಟು ದಿನದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ತಾನೂ ಹೇಳಿರಲಿಲ್ಲ. ಮೇವಿನ ಮೂಟೆಯ ಮೇಲೆ ಕೂತು, ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಕೊಬ್ಬಿನ ಗುಣ ಹೇಗೆ ಇಳಿಯುತ್ತದೆ, ನಡುವೆ ಹೊರಗಿನದೊಂದು ಸೇರಿದರೆ ಲೆಕ್ಕ ಹೇಗೆ ತಪ್ಪುತ್ತದೆ ಎಂದು ವಿವರಿಸಿದಳು. ದೇವರಾಜು ತಲೆ ತಗ್ಗಿಸಿಕೊಂಡು ಕೇಳಿದ.

ಆ ಮರಿಗಳನ್ನು ಬಿಟ್ಟು ಲೆಕ್ಕ ಹಾಕಿದಾಗ ಗುಡ್ಡ ಕುಸಿಯಿತು. ಯತೀಶ್ ಹಳೆಯ ನಕ್ಷೆಯನ್ನೂ ಹೊಸದನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರು. ನಾಲ್ಕು ಮರಿಗಳ ಮಾತಲ್ಲವೇ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವರು ಅಂದಾರೆಂಬ ಹೆದರಿಕೆ ಗಗನಳಿಗಿತ್ತು. ಅವರು ಹಾಗೆ ಅನ್ನಲಿಲ್ಲ.

“ಲೇಖನ ನಿಲ್ಸಣ,” ಅಂದರು. “ಅದೇ ತಾಯಿಗೆ ಸರಿಯಾದ ಗಂಡು ಕೂಡಿಸಿ.”

ಮತ್ತೆ ಕೂಡಿಸಿದರು, ಮರಿಗಳಾದವು, ಅವು ಬೆಳೆಯುವ ತನಕ ಕಾದರು. ಮೊದಲಿನ ಜಾಗದಲ್ಲಿ ಗುಡ್ಡ ಏಳಲೇ ಇಲ್ಲ. ಬೇರೊಂದು ವರ್ಣತಂತುವಿನ ಮೇಲೆ ಸಣ್ಣ ಉಬ್ಬೊಂದು ಕಂಡಿತು. ಎಷ್ಟು ಬಗೆಯಲ್ಲಿ ಪರೀಕ್ಷಿಸಿದರೂ ಅದು ಅಲ್ಲಾಡಲಿಲ್ಲ.

ಗಗನ ಅಷ್ಟನ್ನೇ ಬರೆದಳು. ಲೇಖನ ಒಪ್ಪಿಗೆಯಾದ ದಿನ ಫಾರಮ್ಮಿಗೆ ಹೋದಾಗ ದೇವರಾಜು ಹೆರಿಗೆಯ ದೊಡ್ಡಿಯಲ್ಲಿದ್ದ. ಸುದ್ದಿ ಕೇಳಿ, ಕೈ ಒರೆಸಿಕೊಂಡು, ಆ ಜೀನು ಸಿಕ್ಕಿಬಿಟ್ಟಿತೇ ಎಂದು ಕೇಳಿದ. ಇನ್ನೂ ಇಲ್ಲ, ಅದು ಇರುವ ಕೇರಿ ಮಾತ್ರ ಗೊತ್ತಾಗಿದೆ, ಮನೆ ಹುಡುಕಬೇಕು ಎಂದಳು.

“ಉಡುಕಣ ಬುಡಿ,” ಅಂದ ದೇವರಾಜು, ಆಗಷ್ಟೇ ಹುಟ್ಟಿದ ಮರಿಯನ್ನು ತಾಯಿಯ ಮೊಲೆಗೆ ಬಿಡುತ್ತಾ.