ಇಂಗಾಲದ ನಾಲ್ಕು ಕೈ

ಇಂಗಾಲಕ್ಕೆ ನಾಲ್ಕು ಕೈ ಎಂದು ಬರೆದುಕೊಟ್ಟವಳು ಪದ್ಮಶ್ರೀಯೇ. ಶಂಖ, ಚಕ್ರ ಎಂದು ಬರೆದಿರಲಿಲ್ಲ.

ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ ಎರ್ರಪ್ಪನಿಗೆ ತಪ್ಪು ಮಾಡಿದ ಅಳುಕಿರಲಿಲ್ಲ. ಕೈವಾರದ ಸುತ್ತಮುತ್ತಲ ಗುಡಿ ಗೋಪುರಗಳಿಗೆ ಬಣ್ಣ ಹಚ್ಚಿ ಮೂವತ್ತು ವರ್ಷ ಪಳಗಿದ ಕೈ ಅವನದು. ಹಾಳೆಯ ಮೇಲೆ ಇಂಗಾಲ ಪದ್ಮಾಸನ ಹಾಕಿ, ಅಭಯ ನೀಡುತ್ತ, ಚಿಂತಾಮಣಿಯ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು.

"ಕೈ ಖಾಲಿ ಇರಬೇಕು ಎರ್ರಪ್ಪ."

"ಖಾಲಿ ಕೈ ಹೆಂಗಮ್ಮ ಬಿಡೋದು? ನೋಡ್ದೋರು ಭಿಕ್ಷೆ ಬೇಡ್ತವ್ನೆ ಅಂತಾರೆ."

"ಬೇರೆಯವರ ಕೈ ಹಿಡ್ಕೊಳ್ಳೋಕೆ ಅದು."

"ದೇವ್ರು ಯಾರ ಕೈ ಹಿಡ್ಕೊಂತಾನೆ ಬಿಡಿ."

"ದೇವರಲ್ಲ. ಇದ್ದಿಲು."

ಎರ್ರಪ್ಪ ಲೋಟ ಕೆಳಗಿಟ್ಟ. "ಇದ್ದಿಲಿಗೆ ಕೈ ಯಾಕಮ್ಮ ಮತ್ತೆ?"

ಪ್ರಶ್ನೆ ನ್ಯಾಯವಾದದ್ದೇ ಎಂದು ಪದ್ಮಶ್ರೀಗೆ ಅನ್ನಿಸಿತು. ಎಂ.ಎಸ್ಸಿ. ರಸಾಯನಶಾಸ್ತ್ರದ ಎರಡು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಅವಳು ಮಕ್ಕಳಿಗೆಂದು ಬರೆದ ಪುಸ್ತಕದಲ್ಲಿ ಒಂದು ರಾಜ್ಯವಿತ್ತು. ಹೊತ್ತು ಮುಳುಗುವಷ್ಟರಲ್ಲಿ ಯಾರ ಕೈಯೂ ಖಾಲಿ ಇರಬಾರದೆಂಬುದೊಂದೇ ಅಲ್ಲಿಯ ಕಾನೂನು. ಜಲಜನಕನಿಗೆ ಒಂದು ಕೈ, ಆಮ್ಲಜನಕನಿಗೆ ಎರಡು, ಇಂಗಾಲನಿಗೆ ನಾಲ್ಕು. ಕೈಕೈ ಹಿಡಿದರೆ ನೀರು, ಸಕ್ಕರೆ, ಸೊಪ್ಪು, ಮನುಷ್ಯ. ಕೊನೆಯ ಪುಟದಲ್ಲಿ ನಿಯಾನ್ ಬರುತ್ತಾಳೆ. ಯಾರ ಜೊತೆಗೂ ಸೇರದ ಅನಿಲ. ಅವಳಿಗೆ ಕೈಯೇ ಇಲ್ಲ. 'ನನಗೆ ಯಾರೂ ಬೇಕಾಗಿಲ್ಲ, ನಾನು ಪೂರ್ಣ' ಎಂದು ನಗುತ್ತಾಳೆ. ಕುಕ್ಕರಿನ ಮೂರನೇ ಕೂಗಿಗೆ ಬರೆದ ವಾಕ್ಯ ಅದು. ಪದ್ಮಶ್ರೀ ಅದನ್ನು ಮತ್ತೆ ಓದಿರಲಿಲ್ಲ.

ಬೆಂಗಳೂರಿನ ಪ್ರಕಾಶಕರದು ಒಂದೇ ಷರತ್ತು. ಒಂದು ಮಗುವಿಗೆ ಕಥೆ ಹೇಳಿ ಚಿತ್ರ ತೋರಿಸಬೇಕು; ಅದು ಏನು ಕೇಳಿತೆಂದು ಇವತ್ತು ಸಂಜೆಯೊಳಗೆ ಬರೆದು ಕಳಿಸಬೇಕು. ಮಗು ಏನೂ ಕೇಳದಿದ್ದರೆ ಪುಸ್ತಕವಿಲ್ಲ. ಮಗು ಮನೆಯಲ್ಲೇ ಇತ್ತು, ಎಂಟು ವರ್ಷದ ಮಗಳು ಶಿರೀಷಾ. ಇಲ್ಲಿಯವರೆಗೆ ಅವಳು ಕೇಳಿದ್ದು ಬಿಸ್ಕತ್ತು ಮಾತ್ರ.

ಅತ್ತೆ ಶ್ಯಾಮಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಚಿತ್ರ ಕಂಡು ನಿಂತರು.

"ಯಾವ ಸ್ವಾಮಿನಪ್ಪ ಇದು?"

"ಇದ್ದಿಲು ಸ್ವಾಮಿ" ಎಂದ ಎರ್ರಪ್ಪ, ಪಾಠ ಒಪ್ಪಿಸುವವನಂತೆ.

"ಆಂಧ್ರದ ಕಡೇದಿರಬೇಕು." ಅವರು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಒಯ್ದರು.

ಪದ್ಮಶ್ರೀ ತಡೆಯಲು ಬಾಯಿ ತೆರೆದಳು. ಒಲೆಯ ಮೇಲೆ ಹಾಲು ಉಕ್ಕಿತು.

ಹನ್ನೊಂದು ಗಂಟೆಗೆ ಇಂಗಾಲದ ಹಣೆಗೆ ಕುಂಕುಮವಿತ್ತು. ಹನ್ನೆರಡಕ್ಕೆ ಪಕ್ಕದ ಮನೆಯ ಮುನಿಶಾಮಮ್ಮ ಬಂದು ಅದರ ಮುಂದೆ ಮಂಡಿನೋವು ಹೇಳಿಕೊಂಡು ಹೋದರು.

"ಅತ್ತೆ, ಅದು ಪುಸ್ತಕದ್ದು."

"ಪುಸ್ತಕ ಅಂದ್ರೂ ಸರಸ್ವತಿನೇ ತಾನೆ. ದೀಪ ಹಚ್ಚಾಯ್ತು ಕಣೇ, ಈಗ ತೆಗೀಬಾರ್ದು. ಸಂಜೆ ಮಂಗಳಾರತಿ ಮಾಡಿ ಕೊಡ್ತೀನಿ."

ಶಿಡ್ಲಘಟ್ಟದ ಆಫೀಸಿನಲ್ಲಿದ್ದ ಗಂಡ ಮುರಳಿಮೋಹನ್‌ಗೆ ಫೋನ್ ಮಾಡಿದಳು.

"ಚಿತ್ರ ದೇವರಾಗೋಗಿದೆ ರೀ."

"ಒಳ್ಳೇದಾಯ್ತಲ್ಲ. ಮಕ್ಕಳು ಹರಿಯಲ್ಲ."

"ಕೇಳ್ತಿದೀರಾ?"

"ಕೇಳ್ತಿದೀನಿ. ಕೊತ್ತಂಬರಿ ತರಬೇಕಾ?"

ಬೇಡ ಎಂದಳು. ಬೇಕಿತ್ತು.

ಎರ್ರಪ್ಪ ಜಗಲಿಯಲ್ಲೇ ಕೂತು ನಿಯಾನ್ ಬರೆಯತೊಡಗಿದ್ದ. ಮನಸ್ಸಿಲ್ಲದ ಮನಸ್ಸಿನಿಂದ.

"ಕೈಯಿಲ್ಲದ್ದು ಭಿನ್ನ ವಿಗ್ರಹ ಆಗ್ತದಮ್ಮ. ನಮ್ಮಪ್ಪ ಇದ್ದಿದ್ರೆ ಕುಂಚ ಕಿತ್ಕೊಳ್ಳೋನು."

"ಇದೂ ದೇವರಲ್ಲ."

"ಗೊತ್ತಾಯ್ತು ಬಿಡಿ. ಇದೇನು, ಸೌದೆಯಾ?"

"ಗಾಳಿ."

"ಪರ್ವಾಲೇದು, ಇರ್ಲಿ" ಎಂದು ನಿಟ್ಟುಸಿರಿಟ್ಟ.

ನಾಲ್ಕಕ್ಕೆ ಶಿರೀಷಾ ಶಾಲೆಯಿಂದ ಬಂದಳು. ಅವಳ ಜಡೆ ಬಿಚ್ಚಿ, ಸಿಕ್ಕು ಬಿಡಿಸುತ್ತ, ನೋಯದ ಹಾಗೆ ಬೆರಳಾಡಿಸುತ್ತ, ಪದ್ಮಶ್ರೀ ಇಡೀ ಕಥೆ ಹೇಳಿದಳು. ದೇವರ ಕೋಣೆಯ ಬಾಗಿಲಿನಿಂದಲೇ ಇಂಗಾಲವನ್ನು ತೋರಿಸಿದಳು. ಮಗು ಕಣ್ಣರಳಿಸಿ ನೋಡಿತು.

"ಏನಾದ್ರೂ ಕೇಳಬೇಕು ಅನ್ಸುತ್ತಾ ಪುಟ್ಟಮ್ಮ?"

"ಹೂಂ."

ಪದ್ಮಶ್ರೀಯ ಬಾಚಣಿಗೆ ನಿಂತಿತು.

"ನಾಳೆ ಮ್ಯಾತ್ಸ್ ಟೆಸ್ಟ್ ಇದೆಯಲ್ಲ. ಈ ಸ್ವಾಮಿಗೆ ಎಷ್ಟು ಸುತ್ತು ಹಾಕ್ಬೇಕು?"

ಪದ್ಮಶ್ರೀ ಪ್ರಕಾಶಕರಿಗೆ ಅದನ್ನೇ ಫೋನಿನಲ್ಲಿ ಬರೆದಳು. ಅಳಿಸಿದಳು. ಮಗಳ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ಪುಟ್ಟ ತಲೆಯಲ್ಲಿ ತನಗೊಂದು ಮೂಲೆಯೂ ಸಿಗಲಿಲ್ಲವಲ್ಲ ಎನ್ನಿಸಿ, ಜಡೆಯನ್ನು ಬೇಕಾದ್ದಕ್ಕಿಂತ ಚೆನ್ನಾಗಿ ಹೆಣೆದಳು.

ಹೊತ್ತಿಳಿಯುವಾಗ ಎರ್ರಪ್ಪ ನಿಯಾನನ್ನು ಒಪ್ಪಿಸಿದ. ತೆಳುನೀಲಿ ಸೀರೆ, ಭುಜದಿಂದ ಕೆಳಗೆ ನುಣುಪಾದ ಸೆರಗು, ಕೈಗಳಿಲ್ಲ. ಮುಖ ಪದ್ಮಶ್ರೀಯದು.

"ನನ್ನದ್ಯಾಕೆ?"

"ಕೈಯಿಲ್ಲದೋರ ಮುಖ ನಂಗ್ ಅಭ್ಯಾಸ ಇಲ್ಲಮ್ಮ. ಬೆಳಗ್ಗಿಂದ ಒಳಗೂ ಹೊರಗೂ ಓಡಾಡ್ತಿದ್ರಲ್ಲ, ಕಂಡಿದ್ದು ಬರ್ದೆ. ಬಣ್ಣ ಹಸಿ ಐತೆ, ಹುಷಾರು." ಅವನು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ.

ಶ್ಯಾಮಲಮ್ಮ ಬಂದು ನೋಡಿದರು. ಸೊಸೆಯ ಮುಖ ಗುರುತು ಹತ್ತಿದಂತಿರಲಿಲ್ಲ.

"ರಾಮ ರಾಮ, ಕೈಯೇ ಇಲ್ಲ. ಭಿನ್ನ ಆಗಿರೋದು ಮನೇಲಿರಬಾರ್ದು ಕಣೇ." ಎರಡು ಬೆರಳಲ್ಲಿ ಎತ್ತಿ ಒಯ್ದು ಗೇಟಿನ ಕಂಬದ ಮೇಲಿಟ್ಟು, ಮಂಗಳಾರತಿಗೆ ಒಳಗೆ ಹೋದರು.

ಶಿರೀಷಾ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು.

"ಅಮ್ಮ, ಅವಳು ಮನೆಗೆ ಬಂದ್ರೆ ಬಾಗಿಲು ಹೆಂಗೆ ತಟ್ತಾಳೆ?"

ಪ್ರಶ್ನೆ ಬಂದಿತ್ತು. ನಿಜವಾದ ಪ್ರಶ್ನೆ; ಪುಸ್ತಕ ಉಳಿಯಿತು. ಫೋನು ಅಡುಗೆಮನೆಯಲ್ಲಿತ್ತು. ಅಷ್ಟರಲ್ಲಿ ಗಾಳಿ ಬೀಸಿ, ಕಂಬದ ಮೇಲಿನ ಹಾಳೆ ಎದ್ದಿತು.

ಪದ್ಮಶ್ರೀ ಓಡಿಹೋಗಿ ಹಿಡಿದಳು. ಹಸಿ ಬಣ್ಣ ಅಂಟದ ಹಾಗೆ, ಎರಡೂ ಅಂಗೈಗಳನ್ನು ಅಡಿಗೆ ಚಾಚಿ, ತಟ್ಟೆಯಂತೆ ಹೊತ್ತು ತಿರುಗಿದಳು. ಅದೇ ಗಾಳಿಗೆ ಬಾಗಿಲು ಮುಚ್ಚಿ, ಬೀಗ ತಾನಾಗಿ ಬಿದ್ದಿತ್ತು.

ಕೆಳಗಿಡೋಣವೆಂದರೆ ಸಂಜೆಯ ನೀರು ಹಾಕಿದ ಅಂಗಳ, ಒದ್ದೆ ಜಗಲಿ. ಒಳಗೆ ಗಂಟೆ ಬಾರಿಸುತ್ತಿತ್ತು. ಶಿರೀಷಾಳೇ ಇರಬೇಕು, ಜೋರಾಗಿತ್ತು. "ಶಿರಿ" ಎಂದಳು. ಗಂಟೆ ಇನ್ನೂ ಜೋರಾಯಿತು.

ಅಂಗೈಯ ಮೇಲೆ ಅವಳದೇ ಮುಖ ನಗುತ್ತಿತ್ತು.

ಪದ್ಮಶ್ರೀ ಬಗ್ಗಿ, ಹಣೆಯಿಂದ ಬಾಗಿಲು ತಟ್ಟಿದಳು. ಒಮ್ಮೆ, ಇನ್ನೊಮ್ಮೆ.

ರಸ್ತೆಯಲ್ಲಿ ಹೋಗುತ್ತಿದ್ದ ಮುನಿಶಾಮಮ್ಮ ಅದನ್ನು ಕಂಡರು. ಒಳಗಿನ ಗಂಟೆ ಕೇಳಿತು. ಚಪ್ಪಲಿ ಬಿಟ್ಟು, ಅವಳ ಬೆನ್ನಿಗೆ ಭಕ್ತಿಯಿಂದ ಕೈಮುಗಿದು ನಿಂತರು.