ಲಾಕ್ ಕೂತ ಸದ್ದು

ಇನ್ಸುಲಿನ್ ಚುಚ್ಚಿಕೊಂಡು, ಊಟ ಮುಗಿಸಿ ಅಮರೇಶ್ವರ ಮಲಗಲು ಹೋದರೆಂದರೆ ಒಂದೂವರೆ ಗಂಟೆ ಏಳುವುದಿಲ್ಲ. ಹೆಂಡತಿ ನಳಿನಾಕ್ಷಿ ತಾಟು ತೊಳೆದಿಟ್ಟು, ಮಹಡಿಯ ಮೇಲಿನ ಸದ್ದು ನಿಲ್ಲುವವರೆಗೆ ಕಾದು, ಅಡುಗೆಮನೆಯ ಪಕ್ಕದ ಬಾಗಿಲಿನಿಂದ ಗ್ಯಾರೇಜಿಗೆ ಇಳಿದಳು. ಆಗಸ್ಟ್ ತಿಂಗಳಿನಿಂದ ಇದು ಅವಳ ದಿನಚರಿ. ಈಗ ಜನವರಿ.

ಬ್ರಿಡ್ಜ್‌ವಾಟರಿನ ಆ ಮನೆಯ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲಬಹುದು. ಎರಡೂ ಹೊರಗೆ ಹಿಮದಲ್ಲಿ ನಿಂತಿದ್ದವು. ಒಳಗೆ ಇದ್ದದ್ದು ಡೋರಿಸ್ ಎಂಬ ಎಪ್ಪತ್ತೆರಡು ವರ್ಷದ ಮುದುಕಿ ರಿಪೇರಿಗೆ ಬಿಟ್ಟಿದ್ದ ಸ್ನೋಮೊಬೈಲ್, ಹಿಮದ ಮೇಲೆ ಓಡುವ ಗಾಡಿ. ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಪಟ್ಟಿ, ನಡುವೆ ಮೂರು ಸಿಲಿಂಡರಿನ ಎಂಜಿನ್. ಅದನ್ನು ಮಾಡಿದ ಕಂಪನಿ ಮುಚ್ಚಿ ಐವತ್ತು ವರ್ಷ ಆಗುತ್ತ ಬಂದಿತ್ತು. ಅಂಥ ಎಂಜಿನ್ ಅವರು ಮಾಡಿದ್ದೇ ಕೆಲವು ನೂರು. ಒಡೆದುಹೋದ ಒಂದು ಸಿಲಿಂಡರಿಗೆ ಬದಲಿ ಹುಡುಕಲು ಡೋರಿಸ್‌ಗೆ ಹನ್ನೊಂದು ವರ್ಷ ಹಿಡಿದಿತ್ತು. ಕೊನೆಗೆ ಕೆನಡಾದ ಯಾರದೋ ಕೊಟ್ಟಿಗೆಯಲ್ಲಿ ಸಿಕ್ಕಿತಂತೆ. ಇನ್ನೊಂದು ಸಿಗಲಾರದು. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಹೆಂಗಸರ ರೇಸಿನಲ್ಲಿ ತಾನು ಓಡಿಸಿದ ಗಾಡಿಯನ್ನು ಈ ವರ್ಷ, ಮೊಣಕಾಲು ಪೂರ್ತಿ ಕೈಕೊಡುವ ಮೊದಲು, ಇನ್ನೊಮ್ಮೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡಿಸಬೇಕೆಂಬುದು ಅವಳ ಆಸೆ. ಅವಳ ಸಂಧಿವಾತಕ್ಕೆ ತಕ್ಕಂತೆ ಅಮರೇಶ್ವರ ಹ್ಯಾಂಡಲ್ ಎತ್ತರ ಮಾಡಿದ್ದರು, ಸೀಟಿಗೆ ಹೊಸ ಸ್ಪಂಜು ಹಾಕಿದ್ದರು.

ಅವರು ಔಷಧಿ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಮಶಿನ್‌ಗಳ ಎಂಜಿನಿಯರ್ ಆಗಿದ್ದವರು. ಇಲ್ಲಿಗೆ ಬಂದ ಎರಡನೆಯ ಚಳಿಗಾಲದಲ್ಲಿ ಯಾರದೋ ಮನೆ ಮುಂದೆ ಮಾರಾಟಕ್ಕಿಟ್ಟಿದ್ದ, ಕೆಟ್ಟುನಿಂತ ಇಂಥದೇ ಗಾಡಿ ತಂದರು. ರಾಯಚೂರಿನಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿದ ಬೈಕುಗಳ ಹಾಗೆಯೇ ಇದೂ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎಂಜಿನ್. ಅಂದಿನಿಂದ ಹುಚ್ಚು ಹಿಡಿಯಿತು. ದೇವಸ್ಥಾನದ ಕ್ಯಾಂಟೀನಿನಲ್ಲಿ ಮೈಸೂರಿನ ಶಿವಪ್ರಸಾದ್ ಸಿಕ್ಕಾಗಲೆಲ್ಲ ಕಾಲೆಳೆಯುತ್ತಿದ್ದ. "ಅಲ್ಲ ಅಂಕಲ್, ನಲವತ್ತೈದು ಡಿಗ್ರಿ ಬಿಸಿಲೂರಿನವರು ನೀವು. ನಿಮಗ್ಯಾಕೆ ಸ್ನೋ ಗಾಡಿ ಸಹವಾಸ? ಆಂಟಿ, ನೀವಾದ್ರೂ ಹೇಳಬಾರ್ದಾ?"

ಆಂಟಿ ಏನು ಹೇಳಿಯಾಳು. ಇಪ್ಪತ್ತೇಳು ವರ್ಷ ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನಟ್ಟು ತಿರುಗಿಸುವ ಪಾನಾ ಎತ್ತಿ ಕೊಟ್ಟವಳು. ಅವರು ತಲೆ ಎತ್ತದೆ "ಹತ್ತರದು" ಎನ್ನುತ್ತಿದ್ದರು, ಅವಳು ಹತ್ತರ ಪಾನಾ ಕೈಗಿಡುತ್ತಿದ್ದಳು. "ಹನ್ನೆರಡು." "ಪ್ಲಾಯರ್." ಹೆಸರು ಹೇಳದ ಹೊರತು ಅವಳು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಆದರೆ ನೋಡುತ್ತಿದ್ದಳು.

ಹೋದ ಆಗಸ್ಟಿನಲ್ಲಿ ಒಂದು ದಿನ, ಅವರು ಬಿಗಿ ಮಾಡಿದೆನೆಂದ ನಟ್ಟು ಬೆರಳಲ್ಲಿ ತಿರುಗುವಷ್ಟು ಸಡಿಲವಿರುವುದು ಅವಳಿಗೆ ಕಂಡಿತು. ಮತ್ತೊಂದು ದಿನ ಒಂದು ಸ್ಕ್ರೂ ಅದರ ತಿರುಪಿನ ಗೆರೆಗಳೇ ಕಿತ್ತುಬರುವಷ್ಟು ಬಿಗಿಯಾಗಿತ್ತು. ಸಕ್ಕರೆ ಕಾಯಿಲೆಯ ಮರಗಟ್ಟುವಿಕೆ ಅವರ ಪಾದದಲ್ಲಿ ಶುರುವಾಗಿ ಈಗ ಕೈಬೆರಳಿನ ತುದಿಗೂ ಬಂದಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವರು ಕನ್ನಡಿಯ ಮುಂದೆ ನಿಲ್ಲತೊಡಗಿದ್ದರು. ಡಾಕ್ಟರು ಕೇಳಿದರೆ "ಒಂಚೂರು ಜೋಮು" ಎನ್ನುತ್ತಿದ್ದರು. ಅವರು ಮಲಗಿದ ಮೇಲೆ ಅವಳು ಇಳಿದು ಬಂದು ಆ ನಟ್ಟು ಬಿಗಿದಳು.

ಜರ್ಸಿ ಸಿಟಿಯಲ್ಲಿರುವ ಮಗಳು ಭೂಮಿಕಾ ಫೋನಿನಲ್ಲಿ ಇದನ್ನು ಕೇಳಿ, "ಜಸ್ಟ್ ಟೆಲ್ ಹಿಮ್, ಅಮ್ಮ. ಇಟ್ಸ್ ಹಿಸ್ ಬಾಡಿ," ಎಂದಿದ್ದಳು.

"ಹೇಳಿದ್ರ ಮರುದಿನಾನ ಗ್ಯಾರೇಜ್ ಬಾಗ್ಲಾ ಹಾಕಿಬಿಡ್ತಾರವ್ವ. ಆಮ್ಯಾಲ ಆ ಮನಷ್ಯಾ ಏನು ಮಾಡ್ಬೇಕು?"

ಅದು ನಿಜವಾದ ಮಾತು. ಆದರೆ ಅದಷ್ಟೇ ನಿಜವಲ್ಲವೆಂದು ಅವಳಿಗೆ ಗೊತ್ತಿತ್ತು. ಮೊದಮೊದಲು ಕಳ್ಳಿಯಂತೆ ಇಳಿಯುತ್ತಿದ್ದವಳು ಅಕ್ಟೋಬರಿನ ಹೊತ್ತಿಗೆ ಬೆಳಗಿನಿಂದಲೇ ಆ ಒಂದೂವರೆ ಗಂಟೆಗಾಗಿ ಕಾಯತೊಡಗಿದ್ದಳು. ಯಾರೂ ಹೆಸರು ಹೇಳುವವರಿಲ್ಲ. ಯಾವ ಪಾನಾ ಬೇಕೆಂದು ಅವಳ ಕೈಗೇ ಗೊತ್ತು. ಸರಿಯಾಗಿ ಕೂತ ಭಾಗವೊಂದು ಬೆರಳಿನಡಿ ಸುಮ್ಮನಾಗುವುದನ್ನು ಅವಳು ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಅನುಭವಿಸಿದ್ದಳು. ಅವರ ಕೆಲಸದಲ್ಲಿ ತಪ್ಪು ಕಾಣದ ದಿನ ಸಮಾಧಾನದ ಜೊತೆ ಸಣ್ಣದೊಂದು ನಿರಾಶೆಯೂ ಆಗುತ್ತಿತ್ತು. ಹಾಗಾದ ದಿನ ಅವಳು ರಾತ್ರಿ ಅವರಿಗೆ ಇಷ್ಟದ ಪುಂಡಿಪಲ್ಯ ಮಾಡುತ್ತಿದ್ದಳು.

ಇಂದು ಬೆಳಿಗ್ಗೆ ಅವರು ಎರಡು ಪಿಸ್ಟನ್ ಜೋಡಿಸಿದ್ದರು, ಮೇಲೆ ಸಿಲಿಂಡರ್ ಇನ್ನೂ ಇಳಿಸಿರಲಿಲ್ಲ. ಪಿಸ್ಟನ್ನನ್ನು ಹಿಡಿದಿಡುವುದು ಒಂದು ಅಡ್ಡ ಪಿನ್ನು. ಆ ಪಿನ್ನು ಜಾರದಂತೆ ಎರಡೂ ಬದಿಗೆ ಉಂಗುರದಂಥ ಪುಟ್ಟ ತಂತಿ, ಲಾಕ್. ಅದು ತನಗಾಗಿ ಕೊರೆದ ಕಚ್ಚಿನೊಳಗೆ ಕೂತರೆ 'ಟಕ್' ಎಂದು ಸಣ್ಣ ಸದ್ದಾಗುತ್ತದೆ, ಬೆರಳಿಗೂ ತಿಳಿಯುತ್ತದೆ. ಕೂರದಿದ್ದರೆ ಎಂಜಿನ್ ಓಡುವಾಗ ಹಾರಿ ಬಂದು ಸಿಲಿಂಡರಿನ ಒಳಗೋಡೆಯನ್ನು ಕ್ಷಣದಲ್ಲಿ ಸೀಳಿಬಿಡುತ್ತದೆ. ನಳಿನಾಕ್ಷಿ ಟಾರ್ಚು ಬಿಟ್ಟು ನೋಡಿದಳು. ಮೊದಲನೆಯದು ಸರಿ ಇತ್ತು. ನಡುವಿನದರಲ್ಲಿ ಒಂದು ಲಾಕಿನ ತುದಿ ಕಚ್ಚಿನಿಂದ ಕೂದಲೆಳೆಯಷ್ಟು ಹೊರಗಿತ್ತು. ಅವಳು ಅದನ್ನು ಒತ್ತಿದಳು. ಟಕ್. ಒರೆಸಿ, ಎಂಜಿನ್ನಿಗೆ ಹೊದಿಸಿದ್ದ ಬಟ್ಟೆಯನ್ನು ಮೊದಲಿದ್ದಂತೆಯೇ ಮುಚ್ಚಿ ಮೇಲೆ ಹೋದಳು.

ಎರಡು ಗಂಟೆಗೆ ಅವರು ಎದ್ದು ಬಂದರು. ಅವಳು ಸ್ಟೂಲಿನ ಮೇಲೆ ಕೂತಳು. ಮೂರನೆಯ ಪಿಸ್ಟನ್ನಿಗೆ ಅವರು ಪಿನ್ನು ತೂರಿಸಿ, ಈಚೆ ಬದಿಯ ಲಾಕ್ ಕೂರಿಸಿದರು. ಅವಳಿಗೆ ಸದ್ದು ಕೇಳಿಸಿತು. ಆಚೆ ಬದಿಯದನ್ನು ಒತ್ತುತ್ತಿರುವಾಗ ಅವಳ ಫೋನು ಬಡಿದುಕೊಂಡಿತು.

ಡೋರಿಸ್. ಶನಿವಾರ ದೊಡ್ಡ ಹಿಮಗಾಳಿ ಬರುತ್ತಂತೆ, ರಸ್ತೆ ಮುಚ್ಚುತ್ತಂತೆ, ಇವತ್ತೇ ಟ್ರಕ್ ತರುತ್ತೇನೆ, ನಾಲ್ಕು ಗಂಟೆಗೆ ಅಲ್ಲಿರುತ್ತೇನೆ ಎಂದಳು. ನಳಿನಾಕ್ಷಿ ಫೋನಿಟ್ಟು ತಿರುಗುವಷ್ಟರಲ್ಲಿ ಅಮರೇಶ್ವರ ಮೂರನೆಯದರ ಮೇಲೆ ಸಿಲಿಂಡರ್ ಇಳಿಸಿ ಆಗಿತ್ತು. ಇನ್ನು ಬಿಚ್ಚದ ಹೊರತು ಲಾಕು ಕಾಣದು.

"ಲಾಕ್ ಕೂತ್ವಾ?" ಎಂದಳು, ಬೇರೇನೋ ಹುಡುಕುವವಳಂತೆ.

"ಕೂಡದ ಏನ್ಮಾಡ್ತಾವ. ಹದಿಮೂರು ಕೊಡು."

ಅವಳು ಕೊಟ್ಟಳು. ನಾಲ್ಕರವರೆಗೂ ಅವರು ಕೇಳಿದ್ದೆಲ್ಲ ಕೊಡುತ್ತ ಹೋದಳು. ಉಳಿದೆರಡು ಸಿಲಿಂಡರ್ ಕೂತವು, ಮುಚ್ಚಳದಂಥ ಮೂರೂ ಹೆಡ್ ಕೂತವು, ಕಾರ್ಬ್ಯುರೇಟರ್ ಕೂತಿತು, ಸೈಲೆನ್ಸರ್ ಕೂತಿತು. ಪ್ರತಿಯೊಂದು ಕೂತಾಗಲೂ ಆ ಆಚೆ ಬದಿಯ ಲಾಕು ಇನ್ನಷ್ಟು ಆಳಕ್ಕೆ ಹೋದಂತೆ ಅವಳಿಗೆ ಅನ್ನಿಸುತ್ತಿತ್ತು. ಗ್ಯಾಸ್ಕೆಟ್ ಸರಿ ಇದೆಯೋ ಇಲ್ಲವೋ, ನಾಳೆ ಒಮ್ಮೆ ಬಿಚ್ಚಿ ನೋಡೋಣ ಎಂದು ಒಂದು ನೆವ ಹೇಳಿ ನೋಡಿದಳು. "ನಾಳಿ ಯಾವಾಗ? ಆಕಿ ದಾರ್ಯಾಗ ಅದಾಳ," ಎಂದು ಅವರು ಗದರಿದರು.

ಡೋರಿಸ್ ಬಂದಳು. ಬೂಟಿನ ಹಿಮ ಕೊಡವಿ, ಗಾಡಿಯ ಸುತ್ತ ಒಂದು ಸುತ್ತು ಬಂದು, ಎತ್ತರದ ಹ್ಯಾಂಡಲ್ ಹಿಡಿದು ನೋಡಿದಳು. "ನನಗೆ ಇಪ್ಪತ್ತೆರಡಾಗಿದ್ದಾಗ ಇದು ಇಷ್ಟು ಚೆನ್ನಾಗಿರಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಅಮರೇಶ್ವರ ಗ್ಯಾರೇಜಿನ ಬಾಗಿಲು ಮೇಲೆತ್ತಿದರು. ಮೊದಲ ಸಲ ನೀವೇ ಎಳೆಯಬೇಕು ಎಂದು ಎಂಜಿನ್ ಚಾಲೂ ಮಾಡುವ ಹಗ್ಗದ ಹಿಡಿಯನ್ನು ಅವಳ ಕೈಗೆ ಕೊಟ್ಟರು. ಡೋರಿಸ್ ಕೈಗವಸು ತೆಗೆದು, ಕಾಲು ಊರಿ ನಿಂತಳು.

"ನಿಲ್ಸ್ರಿ," ಎಂದಳು ನಳಿನಾಕ್ಷಿ.

ಕನ್ನಡ ಬಾರದಿದ್ದರೂ ಡೋರಿಸ್ ಹಿಡಿ ಬಿಟ್ಟಳು.

"ಏನಾತು?" ಎಂದು ಅಮರೇಶ್ವರ ಕೇಳಿದರು.

"ಮೂರನೇದರ ಆ ಕಡೆ ಲಾಕು. ಕೂತ ಸದ್ದು ನಾ ಕೇಳಿಲ್ಲ."

ಅಮರೇಶ್ವರ ಹೆಂಡತಿಯನ್ನು ನೋಡಿದರು. "ಕೂಡಿಸಿದಾಂವ ನಾನು. ನೀ ಯಾಕ ಕೇಳ್ಬೇಕು?"

ಅವಳು ಎಂಜಿನ್ನಿನ ಹತ್ತಿರ ಬಂದು ನಿಂತಳು. ಅವರು "ಹಂಗಾದ್ರ ನೀನ ಬಿಚ್ಚು," ಎಂದು ಅವಳ ಸ್ಟೂಲಿನ ಮೇಲೆ ಹೋಗಿ ಕೂತರು. ಅದು ಸವಾಲೋ ಸಿಟ್ಟೋ ಗೊತ್ತಾಗಲಿಲ್ಲ. ಡೋರಿಸ್ ಇಬ್ಬರನ್ನೂ ನೋಡಿ, ಟ್ರಕ್ಕಿನ ಮೇಲಿನ ಹಿಮ ತೆಗೆದು ಬರುತ್ತೇನೆಂದು ಹೊರಗೆ ಹೋದಳು.

ನಳಿನಾಕ್ಷಿ ಬಿಚ್ಚತೊಡಗಿದಳು. ಮೊದಲು ಸೈಲೆನ್ಸರಿನ ಸ್ಪ್ರಿಂಗು, ಆಮೇಲೆ ಕಾರ್ಬ್ಯುರೇಟರ್. ಹತ್ತರ ಪಾನಾ ಇಟ್ಟು ಹದಿಮೂರು ತೆಗೆದುಕೊಂಡಳು. ಹೆಡ್ಡಿನ ನಟ್ಟುಗಳನ್ನು ಒಂದರ ಎದುರಿಗೆ ಒಂದರಂತೆ, ಪ್ರತಿಯೊಂದನ್ನೂ ಕಾಲು ಸುತ್ತು ಸಡಿಲಿಸುತ್ತ ಬಂದಳು. ಯಾರೂ ಯಾವುದರ ಹೆಸರನ್ನೂ ಹೇಳಲಿಲ್ಲ. ಅವಳ ಕೈ ಎಲ್ಲೂ ನಿಂತು ಕೇಳಲಿಲ್ಲ. ಬೆನ್ನ ಹಿಂದೆ ಸ್ಟೂಲು ಕಿರ್ ಎನ್ನುವುದು ನಿಂತಿತು. ಅವರು ಸಿಲಿಂಡರನ್ನು ನೋಡುತ್ತಿಲ್ಲ, ತನ್ನ ಕೈ ನೋಡುತ್ತಿದ್ದಾರೆ ಎಂದು ತಿರುಗದೆಯೇ ತಿಳಿಯಿತು.

ಸಿಲಿಂಡರ್ ಎತ್ತಿದಳು. ಟಾರ್ಚು ಹಿಡಿದಳು. ಅವರೂ ಬಂದು ಬಗ್ಗಿದರು.

ಲಾಕು ಕಚ್ಚಿನೊಳಗೆ ಸುತ್ತಲೂ ಸರಿಯಾಗಿ ಕೂತಿತ್ತು.

"ಕೂತದಲ್ಲ," ಎಂದರು.

"ಕೂತದ."

ಹೊರಗೆ ಡೋರಿಸಳ ಬ್ರಶ್ಶು ಟ್ರಕ್ಕಿನ ಗಾಜನ್ನು ಕೆರೆಯುತ್ತಿತ್ತು. ಅವರು ಕೇಳಿದರು, "ಎಷ್ಟು ದಿನ ಆತು, ನೀ ಹಿಂಗ ಕೈ ಹಾಕಾಕತ್ತು?"

"ಆಗಸ್ಟ್‌ಲಿಂದ."

"ಇವತ್ತು?"

"ನಡುಕಿಂದು. ಒಂದು ಲಾಕ್ ಹೊರಗಿತ್ತು."

ಅವರು ನಡುವಿನ ಸಿಲಿಂಡರನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು. ಹೆಬ್ಬೆರಳಿನಿಂದ ಉಳಿದ ನಾಲ್ಕನ್ನೂ ಒಂದೊಂದಾಗಿ ಒತ್ತಿದರು.

"ಕಂಡ ಮ್ಯಾಲೂ ಸುಮ್ನ ಕೂಡಿಸಿ ಹೋದಿ."

"ಹೇಳಿದ್ರ ನೀವು ಬಿಟ್ಟುಬಿಡ್ತಿದ್ರಿ."

"ಬಿಡ್ತಿದ್ನೋ ಇಲ್ಲೋ, ಅದನ್ನ ನಾ ನೋಡ್ಕೋಬೇಕಿತ್ತು, ನಳಿನಿ. ಐದು ತಿಂಗಳು ನಾ ಮಾಡಿದ್ದೆಲ್ಲಾ ಸರಿ ಅಂತ ತಿಳ್ಕೊಂಡೀನಿ. ಈಗ ಯಾವುದು ನಂದು, ಯಾವುದು ನಿಂದು, ನನಗ ಹ್ಯಾಂಗ ತಿಳೀಬೇಕು?"

ನಿಮ್ಮ ಸಲುವಾಗಿ ಮಾಡಿದೆ ಎನ್ನಬಹುದಿತ್ತು, ಅವರು ಒಪ್ಪುತ್ತಲೂ ಇದ್ದರು. ಹಾಗೆ ಒಪ್ಪಿಸಿಬಿಡುವುದು ಇನ್ನೊಂದು ಕಳ್ಳತನವಾದೀತು ಎನ್ನಿಸಿತು.

"ನನಗೂ ಬೇಕಾಗಿತ್ರಿ," ಎಂದಳು.

"ಏನು?"

"ಈ ಕೆಲಸ."

ಅವರು ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ, "ಕೇಳಿದ್ರ ಕೊಡ್ತಿದ್ದಿಲ್ಲೇನು?" ಎಂದರು. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. ಕೇಳಬಹುದೆಂದು ತನಗೆ ಒಮ್ಮೆಯೂ ಹೊಳೆದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳು ಸಿಲಿಂಡರನ್ನು ಮತ್ತೆ ಕೈಗೆತ್ತಿಕೊಂಡಳು. ಅದು ಇಳಿಯುವಾಗ ಪಿಸ್ಟನ್ನಿನ ರಿಂಗುಗಳನ್ನು ಇನ್ನೊಬ್ಬರು ಒತ್ತಿ ಹಿಡಿದರೆ ಸುಲಭ. ಅವರು ಬಂದು ಒತ್ತಿ ಹಿಡಿದರು.

ಕತ್ತಲಾಗುವ ಹೊತ್ತಿಗೆ ಡೋರಿಸ್ ಹಗ್ಗ ಎಳೆದಳು. ಮೂರನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡು ಗ್ಯಾರೇಜೆಲ್ಲ ನೀಲಿ ಹೊಗೆಯಾಯಿತು. ಡೋರಿಸ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಅವಳ ಕಣ್ಣಲ್ಲಿ ನೀರು ಬಂದದ್ದು ಹೊಗೆಗಿರಬಹುದು.

ಎರಡು ನಿಮಿಷ ಓಡಿಸಿ ಎಂಜಿನ್ ಆರಿಸಿದರು. ಮೂರು ಸಿಲಿಂಡರೂ ಒಂದೇ ಸಮ ಬಿಸಿಯಾಗಿದ್ದರೆ ಮೂರೂ ಒಂದೇ ಸಮ ಉರಿದಿವೆ ಎಂದರ್ಥ. ಅಮರೇಶ್ವರ ಕೈ ಚಾಚಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ನೀ ನೋಡು."

ಅವಳು ಮುಟ್ಟಿದಳು. ಒಂದು, ಎರಡು, ಮೂರು. "ಒಂದ ಸಮ ಅದಾವ."

"ಖರೇ ಹೇಳಾಕತ್ತೀಯೋ, ನನ್ನ ಸಮಾಧಾನಕ್ಕ ಹೇಳಾಕತ್ತೀಯೋ?"

ಇಪ್ಪತ್ತೇಳು ವರ್ಷದಲ್ಲಿ ಅವರು ಅವಳನ್ನು ಹೀಗೆ ಕೇಳಿರಲಿಲ್ಲ. ಇನ್ನು ಮುಂದೆ ಬಹಳ ದಿನ ಕೇಳುತ್ತಾರೆ ಎಂದು ಅವಳಿಗೆ ಅರ್ಥವಾಯಿತು. ಅವಳು ಅವರ ಸ್ವೆಟರಿನ ತೋಳನ್ನು ಮೊಣಕೈವರೆಗೆ ಸರಿಸಿದಳು. ಮುಂಗೈಯ ಒಳಬದಿಯ ಬಿಳಿ ಚರ್ಮಕ್ಕೆ ಆ ಜೋಮು ಇನ್ನೂ ಏರಿರಲಿಲ್ಲ. ಡೋರಿಸ್ ನೋಡುತ್ತಿದ್ದಂತೆಯೇ ನಳಿನಾಕ್ಷಿ ಆ ಮುಂಗೈಯನ್ನು ಹಿಡಿದು ಮೊದಲ ಸಿಲಿಂಡರಿಗೆ ತಾಗಿಸಿದಳು. ಅವರು ಸರಕ್ಕನೆ ಹಿಂದೆಳೆದುಕೊಂಡರು.

"ಬಿಸಿ ಅದ," ಎಂದರು.

ಆಮೇಲೆ ನಡುವಿನದಕ್ಕೆ ತಾವೇ ಕೈ ಚಾಚಿದರು. ಅವಳು ಮಣಿಕಟ್ಟನ್ನು ಹಿಡಿದೇ ಇದ್ದಳು.