ನೂರಾ ಹದಿನೆಂಟರ ವೇಗದ ಸ್ಥಳ ತನಿಖೆ

ಪ್ರಸನ್ನಕುಮಾರ್ ಹೊಸದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಪರಿವೀಕ್ಷಕ. ಯಾವ ಕಚೇರಿ ಎಂದು ಹೇಳಿ ಉಳಿದ ಕಚೇರಿಗಳಿಗೆ ಅನ್ಯಾಯ ಮಾಡುವುದು ಬೇಡ. ಮನೆ ಬಿದ್ದವರು, ಮನೆಯೇ ಇಲ್ಲದವರು ಅರ್ಜಿ ಕೊಟ್ಟರೆ ಹೋಗಿ ನೋಡಿ ವರದಿ ಬರೆಯುವುದು ಅವನ ಕೆಲಸ. ಅವನ ಮೇಜಿಗೆ ಬಂದ ಕಡತ ಪಕ್ಕದ ಮೇಜಿಗೆ ಹೋಗಬೇಕಾದರೆ ಒಂದು ಮಳೆಗಾಲವಾದರೂ ಕಳೆಯಬೇಕು. ಅಂಥ ಮನುಷ್ಯ ಗಂಟೆಗೆ ನೂರಾ ಹದಿನೆಂಟು ಕಿಲೋಮೀಟರ್ ವೇಗದಲ್ಲಿ ಹೋದನೆಂದು ಪೊಲೀಸರ ನೋಟಿಸ್ ಬಂದಾಗ ಕಚೇರಿಗೆ ಕಚೇರಿಯೇ ನಕ್ಕಿದ್ದರಲ್ಲಿ ತಪ್ಪೇನಿದೆ?

ಕಚೇರಿಗೆ ಗೊತ್ತಾದದ್ದು ಹೇಗೆ ಎಂದರೆ, ಅದೂ ಅವನದೇ ಬುದ್ಧಿವಂತಿಕೆ. ಕಾರು ಕೊಂಡಾಗ ಹೊಸದುರ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದ. ಬಾಡಿಗೆ ಮನೆ ಇವತ್ತಿದ್ದರೆ ನಾಳೆ ಇಲ್ಲ, ಸರ್ಕಾರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಲೆಕ್ಕ ಹಾಕಿ ಕಾರಿನ ದಾಖಲೆಗೆ ಕಚೇರಿಯ ವಿಳಾಸವನ್ನೇ ಕೊಟ್ಟಿದ್ದ. ಆಮೇಲೆ ಚಿತ್ರದುರ್ಗದಲ್ಲಿ ಸ್ವಂತ ಮನೆ ಕಟ್ಟಿಸಿದ, ದಿನಾ ಹೊಳಲ್ಕೆರೆ ಮೇಲೆ ಹಾದು ಬಂದುಹೋಗುವುದು ರೂಢಿಯಾಯಿತು. ವಿಳಾಸ ಬದಲಿಸಲು ಮಾತ್ರ ಅವನಿಗೆ ಪುರುಸೊತ್ತಾಗಲಿಲ್ಲ. ಸರ್ಕಾರಿ ಲಕೋಟೆ ಕಂಡ ಟಪಾಲು ವಿಭಾಗದವರು ಅದನ್ನು ಒಡೆದು, ಮೊಹರು ಒತ್ತಿ, ನಂಬರ್ ಹಾಕಿ, ಸೀದಾ ಮೇಲಧಿಕಾರಿ ಆಶಾರಾಣಿಯವರ ಮುಂದೆ ಇಟ್ಟರು. ಆ ಕಚೇರಿಯಲ್ಲಿ ಒಂದು ಕಾಗದ ಒಂದೇ ದಿನದಲ್ಲಿ ಅಷ್ಟು ದೂರ ಹೋದದ್ದು ಅದೇ ಮೊದಲು.

ಆಶಾರಾಣಿ ಬಂದು ಮೂರು ತಿಂಗಳಾಗಿತ್ತಷ್ಟೆ. ಓದದೆ ಸಹಿ ಹಾಕುವ ಒಳ್ಳೆಯ ಗುಣ ಅವರಿಗೆ ಇನ್ನೂ ಬಂದಿರಲಿಲ್ಲ. ನೋಟಿಸ್ ಓದಿದರು. ಹೋದ ತಿಂಗಳು ಹದಿನಾಲ್ಕನೇ ತಾರೀಕು, ಬೆಳಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷ, ಹಿರಿಯೂರಿನ ಹತ್ತಿರ ಹೆದ್ದಾರಿ. ಆಮೇಲೆ ಚಲನವಲನ ವಹಿ ತರಿಸಿದರು. ಕಚೇರಿ ಬಿಟ್ಟು ಹೊರಗೆ ಹೋಗುವವರು ಎಲ್ಲಿಗೆ, ಯಾಕೆ ಎಂದು ಬರೆದು ಹೋಗುವ ದಪ್ಪ ಪುಸ್ತಕ ಅದು. ಅದೇ ತಾರೀಕಿಗೆ ಪ್ರಸನ್ನಕುಮಾರನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಮತ್ತೋಡು, ದುರುಗಕ್ಕನವರ ಅರ್ಜಿ, ಸ್ಥಳ ತನಿಖೆ. ಪೂರ್ತಿ ದಿನ.’

"ಪ್ರಸನ್ನಕುಮಾರ್, ಮತ್ತೋಡಿಗೆ ಹೋಗೋಕೆ ಹಿರಿಯೂರು ಹೈವೇ ಯಾಕೆ ಬೇಕಾಯ್ತು?" ಎಂದರು ಆಶಾರಾಣಿ.

"ಮೇಡಂ, ಅದು ನನ್ನ ಕಾರೇ ಅಲ್ಲ. ಏನೋ ತಪ್ಪಾಗಿದೆ. ಕೋರ್ಟಲ್ಲಿ ಪ್ರಶ್ನೆ ಮಾಡ್ತೀನಿ."

"ಮಾಡಿ. ದಂಡ ಕಟ್ಟಿದ್ರೆ ಆವತ್ತು ಡ್ಯೂಟಿಯಲ್ಲಿ ಇರ್ಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ಎರಡರಲ್ಲಿ ಯಾವುದು ಅಂತ ಸೋಮವಾರದೊಳಗೆ ಬರೆದುಕೊಡಿ. ನಿಮ್ಮ ಬಡ್ತಿ ಫೈಲಿಗೆ ಅದನ್ನೂ ಸೇರಿಸಿ ಕಳಿಸ್ತೀನಿ."

ಪ್ರಸನ್ನಕುಮಾರ್ ಇಪ್ಪತ್ತೆರಡು ವರ್ಷ ಇದೇ ಕುರ್ಚಿ ಸವೆಸಿದ್ದು ಈ ಬಡ್ತಿಗಾಗಿ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಪರಿವೀಕ್ಷಕನೇ.

ನಿಜ ಏನೆಂದರೆ, ಆವತ್ತು ಹಿರಿಯೂರಿನಲ್ಲಿ ಬೀಗರೂಟ. ಹೆಂಡತಿ ರಮ್ಯಾಳ ತಂಗಿಯ ಮಗಳಿಗೆ ಮದುವೆಯಾಗಿತ್ತು. ಮದುವೆಯಲ್ಲಿ ಪಾಯಸ ಉಂಡ ನೆಂಟರೆಲ್ಲ ನಿಜವಾಗಿ ಕಾಯುವುದು ಆಮೇಲೆ ಬರುವ ಈ ಮಟನ್ ಊಟಕ್ಕೆ. ಪ್ರಸನ್ನಕುಮಾರ್ ಹುಡುಗಿಗೆ ದೊಡ್ಡಪ್ಪ, ಮೊದಲ ಪಂಕ್ತಿಯಲ್ಲಿ ಕೂರಬೇಕಾದವನು. ಮೂರನೇ ಪಂಕ್ತಿಗೆ ಹೋದರೆ ಸಿಗುವುದು ಎಸರು ಮತ್ತು ಕ್ಷಮಾಪಣೆ. ರಮ್ಯಾ ಸೀರೆ ಬದಲಿಸುತ್ತಾ ಬದಲಿಸುತ್ತಾ ಚಿತ್ರದುರ್ಗ ಬಿಡುವುದೇ ಹತ್ತೂವರೆ ದಾಟಿತ್ತು. ಬಡವರ ಮನೆಯ ಗೋಡೆ ನೋಡಲು ಎಂದೂ ಅವಸರಪಡದ ಕಾಲು ಆಗ ಆಕ್ಸಿಲರೇಟರಿನ ಮೇಲೆ ಕೂತುಬಿಟ್ಟಿತು.

ಮಾರನೇ ದಿನ ಕಚೇರಿಗೆ ಬಂದು, ತಾನು ಎಂದೂ ಮುಖ ನೋಡಿರದ ದುರುಗಕ್ಕನ ಕಡತದಲ್ಲಿ ಅವನು ಮೂರು ವಾಕ್ಯ ಬರೆದ: ‘ಸ್ಥಳಕ್ಕೆ ಭೇಟಿ ನೀಡಲಾಯಿತು. ಅರ್ಜಿದಾರರು ಹಾಜರಿರಲಿಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಬಹುದು.’ ಈ ಮೂರು ವಾಕ್ಯ ಅವನ ಬೆರಳಿಗೆ ಎಷ್ಟು ಪಾಠವಾಗಿತ್ತೆಂದರೆ, ಫೋನಿನಲ್ಲಿ ಮಾತಾಡುತ್ತಲೂ ಬರೆಯಬಲ್ಲವನಾಗಿದ್ದ.

ನೋಟಿಸ್ ಬಂದ ದಿನ ಸಂಜೆ ಮನೆಯಲ್ಲಿ ಪಂಚಾಯ್ತಿ ಕೂತಿತು. ರಮ್ಯಾ ಮೊದಲೇ ಹೇಳಿಬಿಟ್ಟಳು: "ರೀ, ದಂಡ ಬಿಸಾಕಿ ಸುಮ್ನಿರ್ರಿ. ಕೋರ್ಟು ಗೀರ್ಟು ಅಂತ ಮೈಮ್ಯಾಲೆ ಎಳ್ಕಾಬ್ಯಾಡ್ರಿ."

"ಕಟ್ಟಿದ್ರೆ ಹಿರಿಯೂರಾಗಿದ್ದೆ ಅಂತ ಒಪ್ಪಿದಂಗಾಗ್ತತೆ ಕಣೇ."

"ಇದ್ರಲ್ಲ ಮತ್ತೆ!"

"ರಿಜಿಸ್ಟರ್ ಪ್ರಕಾರ ಇರ್ಲಿಲ್ಲ."

"ಎರಡು ಸಲ ಕೇಳಿ ಮಟನ್ ಹಾಕುಸ್ಕಂಡಿದ್ದು ರಿಜಿಸ್ಟರ್‌ನಾಗೆ ಬರ್ದಿಲ್ವಾ?"

ಅಷ್ಟರಲ್ಲಿ ರಮ್ಯಾಳ ತಮ್ಮ ಲಕ್ಷ್ಮೀಕಾಂತ ಬಂದ. ಚಿತ್ರದುರ್ಗದಲ್ಲಿ ವಕೀಲ. ಬೀಗರೂಟದಲ್ಲಿ ಪ್ರಸನ್ನಕುಮಾರನ ಪಕ್ಕದ ಎಲೆಗೇ ಕೂತು ಉಂಡವನು. ಆದರೆ ಕಪ್ಪು ಕೋಟು ಹಾಕಿಕೊಂಡ ಕೂಡಲೇ ಅವನಿಗೆ ಹೊಟ್ಟೆಯ ನೆನಪು ಅಳಿಸಿಹೋಗುತ್ತದೆ. ನೋಟಿಸಿನ ಫೋಟೋವನ್ನು ದೀಪಕ್ಕೆ ಹಿಡಿದು ನೋಡಿದ.

"ಭಾವ, ಗ್ಲಾಸ್ ಮ್ಯಾಲೆ ಬಿಸ್ಲು ಬಿದ್ದೈತೆ, ಡ್ರೈವರ್ ಮುಖನೇ ಕಾಣವಲ್ದು. ಯಾವನೋ ನಿಮ್ ನಂಬರ್ ಹಾಕ್ಕಂಡು ಓಡಾಡ್ತಾನೆ ಅಂತ ವಾದ ಮಾಡಾಣ. ನೀವು ಮತ್ತೋಡಿನಾಗೆ ಇದ್ರಿ ಅನ್ನಕೆ ರಿಜಿಸ್ಟರ್ ಐತೆ, ವರದಿ ಐತೆ. ಆ ಊರೋರು ಯಾರಾದ್ರೂ ಒಬ್ರು ‘ಹೌದು, ಬಂದಿದ್ರು’ ಅಂತ ಸಹಿ ಹಾಕಿಕೊಟ್ರೆ ಕೇಸ್ ಗೆದ್ದಂಗೆ."

ರಮ್ಯಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪ್ರಸನ್ನಕುಮಾರನ ಮುಖ ಮಾತ್ರ ಅರಳಿತು. ಅವನಿಗೆ ಒಂದು ವಿಚಿತ್ರ ಧೈರ್ಯ ಬಂದಿತ್ತು. ಬರೆದದ್ದು ನಿಜ, ಬರೆಯದ್ದು ನಡೆದೇ ಇಲ್ಲ ಎಂದು ಇಪ್ಪತ್ತೆರಡು ವರ್ಷ ಜನರಿಗೆ ಹೇಳಿ ಹೇಳಿ ಈಗ ಅವನೇ ಅದನ್ನು ನಂಬತೊಡಗಿದ್ದ. ಮಲಗುವ ಹೊತ್ತಿಗೆ ಮತ್ತೋಡಿನ ಬೀದಿಯಲ್ಲಿ ತಾನು ಬಿಸಿಲಲ್ಲಿ ನಡೆದು ಬೆವರಿದ್ದು ಕೂಡ ಅವನಿಗೆ ನೆನಪಾಗುತ್ತಿತ್ತು. ಸರ್ಕಾರಿ ನೌಕರನೊಬ್ಬನ ಮಾತಿಗಿಂತ ಕಂಬದ ಮೇಲಿನ ಕ್ಯಾಮೆರಾದ ಮಾತು ಹೆಚ್ಚಾಯಿತೇ ಎಂದು ಸಿಟ್ಟೂ ಬಂತು.

ಶನಿವಾರ ಬೆಳಗ್ಗೆ ಮತ್ತೋಡಿಗೆ ಹೊರಟ. ವಹಿಯ ಪ್ರಕಾರ ಅವನು ಆ ಹೋಬಳಿಗೆ ವರ್ಷದಲ್ಲಿ ಹನ್ನೊಂದು ಸಲ ಹೋಗಿದ್ದ. ಆದರೂ ಮೂರು ಕಡೆ ಕಾರು ನಿಲ್ಲಿಸಿ ದಾರಿ ಕೇಳಬೇಕಾಯಿತು. ಊರಲ್ಲಿ ಅವನಿಗೆ ಗೊತ್ತಿದ್ದ ಹೆಸರು ಒಂದೇ, ಕಡತದಲ್ಲಿದ್ದ ದುರುಗಕ್ಕ. ಒಂದು ಸಹಿ ಹಾಕಮ್ಮ, ನಿನ್ನ ಅರ್ಜಿ ಮತ್ತೆ ನೋಡೋಣ ಎಂದರೆ ಯಾರು ಬೇಡ ಅನ್ನುತ್ತಾರೆ ಎಂಬುದು ಅವನ ಧೈರ್ಯ.

ದುರುಗಕ್ಕನ ಮನೆ ಎಂದರೆ ಮೂರು ಗೋಡೆ. ನಾಲ್ಕನೆಯದು ಇದ್ದ ಜಾಗದಲ್ಲಿ ನೀಲಿ ತಾಡಪಾಲು ಕಟ್ಟಿತ್ತು. ಅರವತ್ತು ದಾಟಿದ ಹೆಂಗಸು, ಕೂಲಿಗೆ ಹೊರಟವಳು ಬುತ್ತಿ ಹಿಡಿದು ಹೊರಗೆ ಬಂದಳು. ಅವನನ್ನು ನೋಡಿ ಗುರುತಿಲ್ಲದವಳಂತೆ ನಿಂತಳು. ಗುರುತಿರಲು ಕಾರಣವೂ ಇರಲಿಲ್ಲ.

"ಯಾರು ಸಾಮಿ ನೀವು? ಬರ್ರಿ, ಕುಂತ್ಕಳ್ರಿ."

ಅವನು ಕಚೇರಿಯ ಹೆಸರು ಹೇಳಿ, ಜೇಬಿನಿಂದ ಕಾಗದ ತೆಗೆದ. "ಹೋದ ತಿಂಗಳು ಹದಿನಾಲ್ಕನೇ ತಾರೀಕು ನಾನು ಇಲ್ಲಿಗೆ ಬಂದಿದ್ದೆ ಅಂತ ಒಂದು ಸಹಿ ಬೇಕಿತ್ತಮ್ಮ. ಏನಿಲ್ಲ, ಸುಮ್ನೆ ರೂಲ್ಸು."

"ಬಂದಿದ್ರಾ?"

"ಬಂದಿದ್ದೆ. ನೀನೇ ಇರ್ಲಿಲ್ಲ."

ದುರುಗಕ್ಕ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು, ಅದರಿಂದ ಕಚೇರಿಯ ಪತ್ರ ತೆಗೆದು ಅವನ ಮುಂದೆ ಹಿಡಿದಳು. ಅವನದೇ ಮೂರು ವಾಕ್ಯ, ಟೈಪ್ ಆಗಿ ಬಂದದ್ದು.

"ನಿಮ್ ಆಫೀಸಿಂದ್ಲೇ ಫೋನ್ ಮಾಡಿದ್ರು ಸಾ, ಹದಿನಾಲ್ಕಕ್ಕೆ ಸಾಹೇಬ್ರು ಬರ್ತಾರೆ, ಮನ್ಯಾಗೇ ಇರು ಅಂತ. ಕೂಲಿ ಬಿಟ್ಟೆ. ಪಕ್ಕದ ಮನೆ ಓಬಮ್ಮನ್ನ ಕೇಳಿ ಕುರ್ಚಿ ತಂದು ಇದೇ ಜಾಗದಾಗೆ ಹಾಕಿದ್ದೆ. ಬೆಳಗ್ಗೆಯಿಂದ ಬೀದಿ ದೀಪ ಹತ್ತೋ ತನಕ ಕುಂತಿದ್ದೆ. ಕೇಳಿದ್ರೆ ಇಡೀ ಕೇರಿ ಹೇಳ್ತತೆ."

"ಅದಿರ್ಲಮ್ಮ, ಅರ್ಜಿ ಮತ್ತೆ ನೋಡಾಣ. ಈಗ ನಾನು ಬಂದಿದ್ದೆ ಅಂತ..."

"ಹಾಕ್ತೀನಿ ಸಾ, ಸಹಿ ಹಾಕಕೆ ಬರ್ತತೆ ನನಗೆ. ಆದ್ರೆ ನೀವು ಬಂದಿದ್ದು ನಾನು ನೋಡ್ದೆ ಅಂದ್ರೆ, ನಾನೂ ಮನ್ಯಾಗಿದ್ದೆ ಅಂತಾಯ್ತಲ್ಲ. ಅದನ್ನೂ ಬರೀರಿ."

ಪ್ರಸನ್ನಕುಮಾರ್ ಪೆನ್ನು ತೆರೆದವನು ಹಾಗೇ ಕೂತ. ಅವಳಿದ್ದಳು ಎಂದು ಬರೆದರೆ ಅವನ ವರದಿ ಸುಳ್ಳು. ಅವಳಿರಲಿಲ್ಲ ಎಂದರೆ ಸಾಕ್ಷಿಯೇ ಇಲ್ಲ. ಕೋರ್ಟಿನಲ್ಲಿ ಗೆದ್ದರೆ ಕಚೇರಿಯಲ್ಲಿ ಸೋಲು, ದಂಡ ಕಟ್ಟಿದರೂ ಸೋಲು. ಎಷ್ಟೋ ಜನರನ್ನು ಅಲೆಸಿದ ಕಾಗದದಲ್ಲಿ ಈಗ ತಾನೇ ಸಿಕ್ಕಿಬಿದ್ದಿದ್ದೇನೆ ಎಂದು ಅವನಿಗೆ ಮೊದಲ ಸಲ ಅರ್ಥವಾಯಿತು. ಲಕ್ಷ್ಮೀಕಾಂತನಿಗೆ ಫೋನ್ ಮಾಡಿದ. ಎಲ್ಲ ಕೇಳಿ ವಕೀಲ ಎರಡು ಸಲ ಕೆಮ್ಮಿದ. "ಭಾವ, ಒಂದ್ ಕೆಲ್ಸ ಮಾಡ್ರಿ, ದಂಡ ಕಟ್ಬಿಡ್ರಿ" ಎಂದು ಫೋನ್ ಇಟ್ಟ.

"ಆವತ್ತು ನಿಜವಾಗ್ಲೂ ಎಲ್ಲಿದ್ರಿ ಸಾ?" ದುರುಗಕ್ಕ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ಹಿರಿಯೂರಲ್ಲಿ" ಎಂದ. ಸ್ವಲ್ಪ ತಡೆದು, "ನೆಂಟರ ಮನೆ ಊಟ ಇತ್ತು."

"ಹೊಟ್ಟೆ ತುಂಬ ಉಂಡ್ರಾ?"

ಅವನು ಹೂಂ ಎಂದ.

"ನಾನು ಉಣ್ಣಕೂ ಒಳಗೆ ಹೋಗಿರ್ಲಿಲ್ಲ ಸಾ. ಹೋದಾಗ್ಲೇ ನೀವು ಬಂದು, ನಾನಿಲ್ಲ ಅಂತ ಬರ್ಕಂಡು ಹೋದ್ರೆ ಏನ್ಮಾಡದು ಅಂತ."

ಪ್ರಸನ್ನಕುಮಾರನಿಗೆ ನಾಚಿಕೆಯಾಯಿತು. ಮುಖ ಕೆಳಗೆ ಮಾಡಿದ. ಒಂದು ಗಳಿಗೆ ಬಡ್ತಿ ಕಣ್ಣ ಮುಂದೆ ಬಂತು, ಆಮೇಲೆ ಆ ತಾಡಪಾಲು ಕಂಡಿತು. ತಂದಿದ್ದ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದ: ‘ಹದಿನಾಲ್ಕನೇ ತಾರೀಕು ನಾನು ಸ್ಥಳಕ್ಕೆ ಹೋಗಿರಲಿಲ್ಲ. ಅರ್ಜಿದಾರರಾದ ದುರುಗಕ್ಕನವರು ಇಡೀ ದಿನ ಹಾಜರಿದ್ದರು. ಹೆದ್ದಾರಿಯ ದಂಡವನ್ನು ಕಟ್ಟುತ್ತೇನೆ.’ ಬರೆದು ಮುಗಿಸಿ, ಯಾರಾದರೂ ಕಸಿದುಕೊಂಡಾರೆಂಬಂತೆ ಅವಸರದಲ್ಲಿ ಮಡಚಹೋದ.

ದುರುಗಕ್ಕ ಕೈ ಅಡ್ಡ ಇಟ್ಟಳು. "ಕೆಳಗೆ ಸಹಿ ಹಾಕ್ರಿ ಸಾ. ತಾರೀಕೂ ಹಾಕ್ರಿ."

ಹಾಕಿದ. ಅವಳು ಕಾಗದವನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಆಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು, ಬುತ್ತಿ ಎತ್ತಿಕೊಂಡು ಎದ್ದಳು.

"ನಡೀರಿ ಹೋಗಾಣ, ಬಸ್‌ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ ಐತೆ. ಅಸಲು ನನ್ನತ್ರ ಇರ್ಲಿ. ನೀವು ಜೆರಾಕ್ಸ್ ತಗಂಡ್ಹೋಗ್ರಿ."